ಕುಂತ್ಕಳೋ ಪಾರ್ಟು

ದುರ್ಗಯ್ಯ ರಾಜನ ಪಾರ್ಟೇ ಬೇಕೆಂದು ಹಟ ಹಿಡಿದದ್ದಕ್ಕೆ ಕಾರಣ ಒಂದೇ. ಆ ಪಾರ್ಟಿನಲ್ಲಿ ಕೂತಿರಬಹುದಿತ್ತು.

ಹಾಡು ಹೆಚ್ಚಿದ್ದದ್ದು ಸೇನಾಪತಿಗೆ. ಕುಣಿತ ಇದ್ದದ್ದು ಹಾಸ್ಯಗಾರನಿಗೆ. ಸತ್ತು ಶಿಳ್ಳೆ ಗಿಟ್ಟಿಸುವ ಭಾಗ್ಯ ರಾಜಕುಮಾರನದು. ಚಂಡಕೇತು ಮಹಾರಾಜನಿಗೆ ಮಾತ್ರ ಪರದೆ ಎದ್ದಾಗಿನಿಂದ ಬೀಳುವವರೆಗೆ ಸಿಂಹಾಸನದ ಮೇಲೆ ಕೂತು ಗದರುವುದು, ಕೂತಲ್ಲೇ ನಾಲ್ಕು ಹಾಡು ಹೇಳುವುದು, ಇಷ್ಟೇ ಕೆಲಸ. 'ಚಂಡಕೇತು ಪ್ರತಾಪ' ಎಂಬ ಈ ನಾಟಕವನ್ನು ಕಟ್ಟಿದವನು ಕೇರಿಯ ಹುಚ್ಚಣ್ಣ ಮೇಷ್ಟ್ರು. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಹಾರ್ಮೋನಿಯಂ ಮೇಷ್ಟ್ರು. ದಂಡಿನಶಿವರದ ಆಚೀಚೆ ಯಾವ ಊರಿನ ನಾಟಕವಾದರೂ ಅವನ ಪೆಟ್ಟಿಗೆ ಕೇಳಿಸುತ್ತಿತ್ತು. ಆದರೆ ಅದು ಪರದೆಯ ಹಿಂದಿನಿಂದ ಕೇಳಿಸುತ್ತಿತ್ತು. ಕೊನೆಗೊಂದು ದಿನ ಅವನಿಗೆ ರೋಸಿಹೋಗಿ, ನಮ್ಮ ಕೇರಿಯದೇ ಒಂದು ನಾಟಕ ಆಗಲಿ ಎಂದು ತಾನೇ ಬರೆದ.

"ಅಲ್ಲ ಕಣ್ಲಾ ದುರ್ಗ, ನಿನ್ ಗಂಟ್ಲಿಗೆ ಸೇನಾಪತಿ ಪಾರ್ಟು ಹೇಳಿ ಮಾಡಿಸ್ದಂಗೈತೆ. ಆ ರಾಜನ್ ಪಾರ್ಟಲ್ಲಿ ಏನೈತೆ?" ಎಂದು ಮೇಷ್ಟ್ರು ಕೇಳಿದ.

"ಕುಂತ್ಕಳೋದೈತೆ," ಎಂದ ದುರ್ಗಯ್ಯ.

ಅವನು ತಮಾಷೆಗೆ ಹೇಳಿದ್ದಲ್ಲ. ದುರ್ಗಯ್ಯ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಪರಮೇಶಣ್ಣನ ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುವವನು. ಸುಲಿಯುವುದು ನಿಂತು ಮಾಡುವ ಕೆಲಸ. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟ, ಅದರ ಮುಂದೆ ಕಾಲು ಅಗಲಿಸಿ ನಿಂತ ಮನುಷ್ಯ. ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಗೂಟದ ಮೊನೆಗೆ ಕುಕ್ಕಬೇಕು. ಮೈಭಾರ ಬಿಟ್ಟು ತಿರುಚಬೇಕು. ಸೀಳಿ ಬಂದ ಸಿಪ್ಪೆ ಒಗೆದು ಮತ್ತೆ ಕುಕ್ಕಬೇಕು. ಕೈ ಜಾರಿದರೆ ಮೊನೆ ಅಂಗೈಗೆ ಇಳಿಯುತ್ತದೆ. ಅವನ ಎಡ ಅಂಗೈಯಲ್ಲಿ ಹಾಗೆ ಇಳಿದ ಗುರುತಿದೆ. ಸಂಜೆಯ ಹೊತ್ತಿಗೆ ಸೊಂಟ ಯಾರದೋ ಅನ್ನಿಸುತ್ತದೆ, ಮೀನಖಂಡ ಕಲ್ಲಾಗಿರುತ್ತದೆ. ಮಂಡಿಯ ಜಗಲಿಯಲ್ಲಿ ಒಂದು ಬೆಂಚಿದೆ. ಅದು ಕಾಯಿ ತಂದ ತೋಟದವರಿಗೆ, ದಲ್ಲಾಳಿಗಳಿಗೆ, ಪೇಪರು ಓದಲು ಬರುವ ರಿಟೈರ್ಡ್ ಮಂದಿಗೆ. ದುರ್ಗಯ್ಯ ಟೀ ಕುಡಿಯುವುದೂ ನಿಂತೇ. ಇಲ್ಲಿ ಕೂರಬೇಡ ಎಂದು ಯಾರೂ ಬೋರ್ಡು ಹಾಕಿಲ್ಲ. ಬೋರ್ಡು ಹಾಕುವ ಅಗತ್ಯವೇ ಬಿದ್ದಿಲ್ಲ.

ದೊಡ್ಡವರನ್ನು ಕಂಡರೆ ಏಳುವುದನ್ನು ಅವನಿಗೆ ಕಲಿಸಿದವನು ಅಪ್ಪ ಕೆಂಚಯ್ಯ. ಕೆಂಚಯ್ಯನಿಗೆ ಕಲಿಸಿದವನು ಪರಮೇಶಣ್ಣನ ಅಪ್ಪ. ದುರ್ಗಯ್ಯ ಚಿಕ್ಕವನಿದ್ದಾಗ ನಡೆದದ್ದು. ಕೆಂಚಯ್ಯ ಅವರ ತೋಟದಲ್ಲಿ ಪಾತಿ ಮಾಡಿ, ಮರದ ನೆರಳಿಗೆ ಕೂತು ಮುದ್ದೆ ಮುರಿಯುತ್ತಿದ್ದ. ಸಾವ್ಕಾರ ಬೆನ್ನ ಹಿಂದಿನಿಂದ ಬಂದ. ಕೆಂಚಯ್ಯ ನೋಡಲಿಲ್ಲ, ಹಾಗಾಗಿ ಏಳಲಿಲ್ಲ. ಅಷ್ಟೇ ಅಪರಾಧ. ನೆನೆದ ಸಿಪ್ಪೆಯ ಹೊರೆಯನ್ನು ತಲೆಗೆ ಹೊರಿಸಿ ಅಂಗಳದ ಬಿಸಿಲಿಗೆ ನಿಲ್ಲಿಸಿದರು. ಹೊತ್ತಿಳಿಯುವವರೆಗೆ ನಿಲ್ಲಿಸಿದರು. ಉಚ್ಚೆ ಹೊಯ್ಯಲೂ ಬಿಡಲಿಲ್ಲ. ಕೊನೆಗೆ ನಿಂತಲ್ಲೇ ಪಂಚೆ ನೆನೆಯಿತು. ಹೋಗುವವರು ಬರುವವರು ನಕ್ಕರು. ಅಪ್ಪನನ್ನು ಕರೆಯಲು ಹೋಗಿದ್ದ ದುರ್ಗಯ್ಯ ಅದನ್ನು ಕಣ್ಣಾರೆ ನೋಡಿದ.

ಅಂದಿನಿಂದ ಕೆಂಚಯ್ಯ ಎಲ್ಲದಕ್ಕೂ ಏಳುತ್ತಾನೆ. ಈಗ ಅವನಿಗೆ ವಯಸ್ಸಾಗಿದೆ, ಒಂದು ಕಣ್ಣು ಹೋಗಿದೆ. ಬಂದ ಗಾಡಿ ಯಾರದೆಂದು ಗೊತ್ತಾಗದ್ದರಿಂದ ಎಲ್ಲ ಗಾಡಿಗೂ ಏಳುತ್ತಾನೆ. ಹಾಲಿನ ವ್ಯಾನಿಗೆ ಏಳುತ್ತಾನೆ, ಸಿಲಿಂಡರಿನ ಆಟೋಗೆ ಏಳುತ್ತಾನೆ, ಕೇರಿಯ ಹುಡುಗರ ಬೈಕಿಗೂ ಎದ್ದು "ಬುದ್ಧೀ" ಎನ್ನುತ್ತಾನೆ. ಹುಡುಗರು ನಗುತ್ತಾರೆ. ದುರ್ಗಯ್ಯ ಮಾತ್ರ ಯಾಕೆ ಏಳ್ತೀಯಾ ಎಂದು ಗದರುತ್ತಾನೆ.

"ಎದ್ರೆ ನಮ್ಮ ಗಂಟೇನ್ ಹೋದಾತು ಬುಡ್ಲಾ," ಎನ್ನುವುದು ಮುದುಕನ ಮಾತು.

ಇನ್ನು ಸಿಂಹಾಸನದ ಕಥೆ. ಪೇಟೆಯಲ್ಲಿ ನಾಟಕದ ಸೀನರಿ ಬಾಡಿಗೆಗೆ ಕೊಡುವವನೊಬ್ಬನಿದ್ದಾನೆ. ಪರದೆ, ಕಿರೀಟ, ಭುಜಕೀರ್ತಿ, ಗದೆ, ಎಲ್ಲ ಅವನಲ್ಲಿ ಸಿಗುತ್ತದೆ. ಕೇರಿಯವರು ಹೋಗಿ ಕೇಳಿದಾಗ ಎಲ್ಲವನ್ನೂ ಕೊಟ್ಟ, ಸಿಂಹಾಸನ ಕೊಡಲಿಲ್ಲ.

"ಕಿರೀಟ ಆದ್ರೆ ತೊಳ್ಕಬೋದು ಕಣಪ್ಪ. ಸಿಂಹಾಸನದ್ದು ಮಕಮಲ್ಲು. ಒಗೆಯಕಾಗಲ್ಲ. ನಾಳೆ ಇನ್ನೊಂದೂರಿನ ರಾಜ ಬಂದು ಕುಂತ್ಕಬೇಕಲ್ಲ," ಎಂದ. ಬಹಳ ವಿನಯದಿಂದ ಹೇಳಿದ. ಈ ಸೀಮೆಯಲ್ಲಿ ಉಗಿಯುವುದನ್ನೂ ವಿನಯದಿಂದಲೇ ಉಗಿಯುತ್ತಾರೆ.

ಹಾಗಾಗಿ ಕೇರಿಯವರು ತಮ್ಮ ಸಿಂಹಾಸನವನ್ನು ತಾವೇ ಮಾಡಿಕೊಂಡರು. ಸಿಡಿಲು ಬಡಿದು ಸತ್ತ ತೆಂಗಿನ ಮರವೊಂದು ಕೆರೆಯ ಹಿಂದೆ ಇತ್ತು. ಅದನ್ನು ಕೆಡವಿ ಕೊಯ್ದರು. ತೆಂಗಿನ ಮರದ ಹಲಗೆಗೆ ಮೊಳೆ ಇಳಿಯುವುದಿಲ್ಲ, ಉಳಿ ಕೂರುವುದಿಲ್ಲ. ಮಂಡಿಯಿಂದ ಬಂದ ಮೇಲೆ ಸಂಜೆಸಂಜೆ ದುರ್ಗಯ್ಯ ಅದರ ಜೊತೆ ಗುದ್ದಾಡಿದ. ಕೈಯಿಡುವ ಕಡೆ ಸಿಂಹ ಕೆತ್ತಲು ಹೋಗಿ ನಾಯಿ ಆಯಿತು. ಒಂದು ನಾಯಿಗೆ ಕಿವಿ ಹೆಚ್ಚು ಕಡಿಮೆ. ಮೇಲೆ ಬಂಗಾರದ ಬಣ್ಣ ಹೊಡೆದರು. ಎತ್ತಲು ನಾಲ್ಕಾಳು ಬೇಕಾಗುವಷ್ಟು ಭಾರ. ಅದರ ಮೇಲೆ ಮೊದಲ ಸಲ ಕೂತಾಗ ದುರ್ಗಯ್ಯನ ಬೆನ್ನು ತಾನಾಗಿ ನೆಟ್ಟಗಾಯಿತು. ಪ್ರಾಕ್ಟೀಸು ನೋಡಲು ಬಂದ ಕೆಂಚಯ್ಯ ಕಿರೀಟದ ಹೊಳಪು ಕಂಡು, ಮಗನೆಂದು ತಿಳಿಯದೆ ಎದ್ದು ನಿಂತ.

ನಾಟಕದಲ್ಲಿ ದುರ್ಗಯ್ಯನಿಗೆ ಬಲು ಇಷ್ಟವಾದ ಮಾತೊಂದಿತ್ತು. ದರ್ಬಾರಿನ ನಡುವೆ ಒಬ್ಬ ಸೊಕ್ಕಿನ ಸಾಮಂತ ಎದ್ದು ಹೊರಡುತ್ತಾನೆ. ಆಗ ರಾಜ, "ಯಾರ ಅಪ್ಪಣೆಯಿಂದ ಎದ್ದೆ, ಸಾಮಂತ? ಕೂಡು," ಎಂದು ಗದರಬೇಕು. ರಾಜ ಏಳು ಎನ್ನುವ ತನಕ ದರ್ಬಾರಿನಲ್ಲಿ ಯಾರೂ ಏಳುವಂತಿಲ್ಲ. ಅದು ಮೇಷ್ಟ್ರು ಮಾಡಿದ ಕಾನೂನು. ದುರ್ಗಯ್ಯ ಈ ಮಾತನ್ನು ಮಂಡಿಯಲ್ಲಿ ಕಾಯಿ ಕುಕ್ಕುವಾಗಲೂ ಹೇಳಿಕೊಳ್ಳುತ್ತಿದ್ದ. ತೆಂಗಿನಕಾಯಿಗಳು ಎದುರಾಡುತ್ತಿರಲಿಲ್ಲ.

ಹೀಗಿರುವಾಗ ಕೇರಿಗೆ ಪ್ರೊಫೆಸರ್ ತೋಂಟದಾರ್ಯ ಬಂದರು.

ತೋಂಟದಾರ್ಯರು ಕನ್ನಡದ ಪ್ರೊಫೆಸರು. ಅದಕ್ಕಿಂತ ಮುಖ್ಯವಾಗಿ ಶಾಸಕ ಸೂರ್ಯಪ್ರಕಾಶ್ ಅವರ ಸಾಹಿತ್ಯದ ಸಲಹೆಗಾರರು. ಶಾಸಕರು ಕವಿಗಳೂ ಹೌದು. ಚುನಾವಣೆ ಹತ್ತಿರ ಬಂದಾಗ ಅವರಿಗೆ ಕವಿತೆ ಬರುತ್ತದೆ. ಅವನ್ನು ತೋಂಟದಾರ್ಯರೇ ಬರೆದುಕೊಡುತ್ತಾರೆ ಎಂದು ಊರಲ್ಲಿ ಗಾಳಿಸುದ್ದಿ. ಓದಿದವರು ನಂಬುವುದಿಲ್ಲ. ಅಷ್ಟು ಕೆಟ್ಟದಾಗಿ ಬರೆಯಲು ಕನಿಷ್ಠ ಇಬ್ಬರು ಬೇಕು ಎನ್ನುವುದು ಅವರ ವಾದ. ಈ ಸಲ ತುರುವೇಕೆರೆಯಲ್ಲಿ 'ತೆಂಗುಸೀಮೆ ನುಡಿಹಬ್ಬ' ನಡೆಸಿ ಅಲ್ಲಿ ಶಾಸಕರ ಸಂಕಲನ 'ಗರಿಗಳ ಗದ್ಗದ' ಬಿಡುಗಡೆ ಮಾಡುವುದಿತ್ತು. ಖರ್ಚು ಪರಮೇಶಣ್ಣನದು. ಹೋದ ವರ್ಷದ ಹಬ್ಬಕ್ಕೆ ಕೇರಿಯ ಒಂದು ನರಪಿಳ್ಳೆಯನ್ನೂ ಕರೆದಿರಲಿಲ್ಲ ಎಂದು ಪೇಪರಿನಲ್ಲಿ ಬಂದು ಶಾಸಕರಿಗೆ ಇರಿಸುಮುರಿಸಾಗಿತ್ತು. ಹಾಗಾಗಿ ಈ ಸಲ 'ತಳಸಮುದಾಯದ ರಂಗ ಪ್ರತಿಭೆ' ಬೇಕಾಗಿತ್ತು.

ಪ್ರೊಫೆಸರು ಪ್ರಾಕ್ಟೀಸನ್ನು ನಿಂತೇ ನೋಡಿದರು. ನೀರು ಕೊಟ್ಟರೆ ಉಪವಾಸ ಎಂದರು. ಚಾಪೆ ಹಾಸಿದರೆ ಸೊಂಟನೋವು ಎಂದರು. "ತುಂಬಾ ಸಹಜವಾಗಿದೆ. ಮಣ್ಣಿನ ವಾಸನೆ ಇದೆ," ಎಂದು ಮೂಗಿಗೆ ಹಿಡಿದ ಕರ್ಚೀಫು ತೆಗೆಯದೆ ಮೆಚ್ಚಿದರು.

"ಒಂದೇ ಒಂದು ಸಣ್ಣ ಬದಲಾವಣೆ ಕಣ್ರೀ," ಎಂದರು ಆಮೇಲೆ. "ದರ್ಬಾರ್ ಸೀನ್ ನಡೀತಿರುವಾಗ ಶಾಸಕರು ವೇದಿಕೆಗೆ ಬರ್ತಾರೆ. ರಾಜ ಎದ್ದು ಕೆಳಗಿಳಿದು ಹಾರ ಹಾಕ್ಬೇಕು. ಕೈಹಿಡ್ದು ಕರ್ಕೊಂಡ್ಹೋಗಿ ಸಿಂಹಾಸನದ ಮೇಲೆ ಕೂರಿಸ್ಬೇಕು. ಅಂದ್ರೆ ರಾಜಪ್ರಭುತ್ವ ಹೋಗಿ ಪ್ರಜಾಪ್ರಭುತ್ವ ಬಂತು ಅಂತ. ಸಂಕೇತ."

"ಆಮೇಲೆ ರಾಜ ಎಲ್ಲಿ ಕುಂತ್ಕತಾನೆ ಸಾ?" ಎಂದು ದುರ್ಗಯ್ಯ ಕೇಳಿದ.

"ರಾಜ ಯಾಕೆ ಕೂರ್ಬೇಕು? ಪಕ್ಕದಲ್ಲಿ ಕೈಮುಗಿದು ನಿಂತಿರ್ತಾನೆ. ಈಗ ಅವನು ಪ್ರಜೆ ಅಲ್ವೇ?"

ತಾನು ಕೂತದ್ದೇ ಈ ಒಂದು ನಾಟಕದಲ್ಲಿ. ಅದರಲ್ಲೂ ಎಬ್ಬಿಸಲು ಪ್ರಜಾಪ್ರಭುತ್ವ ಬಂತಲ್ಲ ಎಂದುಕೊಂಡ ದುರ್ಗಯ್ಯ. ಒಲ್ಲೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ತೊಡೆ ಚಿವುಟಿದ.

"ಪೇಟೆ ಸ್ಟೇಜು ಕಣ್ಲಾ," ಎಂದು ಪ್ರೊಫೆಸರು ಹೋದ ಮೇಲೆ ಮೇಷ್ಟ್ರು ಗೋಗರೆದ. "ನನ್ ಜನ್ಮದಾಗೆ ನಾನು ಪರದೆ ಮುಂದೆ ಕುಂತು ಪೆಟ್ಗೆ ಬಾರ್ಸಿಲ್ಲ. ಒಂದ್ಸಲ ಎದ್ರೆ ನೀನೇನ್ ಸವೆದೋಯ್ತೀಯಾ?"

ಮಾರನೆಯ ದಿನ ಮಂಡಿಯಲ್ಲಿ ಪರಮೇಶಣ್ಣ ಕರೆದ. ಅವನು ಕೂಗಾಡುವ ಪೈಕಿ ಅಲ್ಲ. ಹಲ್ಲು ಕಡ್ಡಿ ಕಚ್ಚಿಕೊಂಡು ಮೆತ್ತಗೆ ಮಾತಾಡುತ್ತಾನೆ. "ಏನೋ ಯೋಚ್ನೆ ಮಾಡ್ತಿದೀಯಂತೆ. ಎಮ್ಮೆಲ್ಲೆ ಅಣ್ಣಾವ್ರ ಪ್ರೋಗ್ರಾಮು ಕಣ್ಲಾ ಅದು. ಏನಾದ್ರೂ ಎಡವಟ್ಟಾಯ್ತೋ, ನಿನ್ ಗೂಟ ಕಿತ್ತು ರೋಡಿಗೆ ಎಸಿತೀನಿ."

ದುರ್ಗಯ್ಯನಿಗೆ ಆ ಗೂಟವೇ ಅನ್ನ. "ಏಳ್ತೀನಿ ಬುಡಣ್ಣ," ಎಂದ. ಅಂದು ಸಂಜೆಯಿಂದ ಏಳುವುದನ್ನು ಪ್ರಾಕ್ಟೀಸು ಮಾಡಿದ. ಕಷ್ಟವೇನೂ ಆಗಲಿಲ್ಲ. ಮೈಗೆ ಗೊತ್ತಿದ್ದ ಪಾಠವೇ ಅದು.

ನುಡಿಹಬ್ಬದ ದಿನ ಬಿಸಿಲು ಸುಡುತ್ತಿತ್ತು. ಬೆಳಗ್ಗೆಯೇ ಬಣ್ಣ ಹಚ್ಚಿಕೊಂಡು ಬನ್ನಿ ಎಂದು ಹೇಳಿದ್ದರು. ಟೆಂಪೋದಲ್ಲಿ ಸಿಂಹಾಸನ ಹೇರಿಕೊಂಡು, ಅದರ ಸುತ್ತ ರಾಜ, ಸೇನಾಪತಿ, ಸಾಮಂತ ಎಲ್ಲ ಜೋತುಬಿದ್ದು ಮೈದಾನಕ್ಕೆ ಬಂದರು. ಕೆಂಚಯ್ಯನೂ ಬಂದ. ತಂಡವನ್ನು ವೇದಿಕೆಯ ಹಿಂದೆ, ಅಡುಗೆ ಒಲೆಗಳ ಪಕ್ಕಕ್ಕೆ ಕಳಿಸಿದರು. ಕುರ್ಚಿ ಕೇಳಿದರೆ ಗಣ್ಯರಿಗೇ ಸಾಲದು ಎಂದರು. ಹಾಗಾಗಿ ಚಂಡಕೇತು ಮಹಾರಾಜ ಒಲೆಯ ಹೊಗೆಯಲ್ಲಿ ನಿಂತೇ ಇದ್ದ. ಬೆವರಿಗೆ ಮುಖದ ಬಣ್ಣ ಕರಗಿ ಮೀಸೆ ತುಟಿಗೆ ಇಳಿಯಿತು. ರಟ್ಟಿನ ಭುಜಕೀರ್ತಿ ಹೆಗಲಿಗೆ ಕೊರೆಯಿತು.

ವೇದಿಕೆಯ ಮೇಲೆ ಅತ್ತ ಸಾಹಿತ್ಯ ನಡೆಯುತ್ತಿತ್ತು. ಒಬ್ಬರು ಇನ್ನೊಬ್ಬರನ್ನು ಹೊಗಳಿದರು. ಆ ಇನ್ನೊಬ್ಬರು ಇವರನ್ನು ಹೊಗಳಿ ಸಾಲ ತೀರಿಸಿದರು. ಇಬ್ಬರೂ ಸೇರಿ ಶಾಸಕರನ್ನು ಹೊಗಳಿದರು. ಪುಸ್ತಕ ಬಿಡುಗಡೆಯಾಯಿತು. ಶಾಸಕರು ಎದ್ದು, ಕನ್ನಡಕ ಸರಿಮಾಡಿಕೊಂಡು, ತಮ್ಮದೇ ಕವಿತೆಯನ್ನು ಮೊದಲ ಸಲ ನೋಡುವವರಂತೆ ತಡವರಿಸಿ ಓದಿದರು.

"ಓ ತೆಂಗೇ, ನೀ ನನ್ನ ತಂಗಿ,
ನಿನ್ನ ನೆರಳಲ್ಲಿ ನಾ ಒಣಗಿದ ಅಂಗಿ."

ಚಪ್ಪಾಳೆ ಬಿತ್ತು. ತೋಂಟದಾರ್ಯರು ಕಣ್ಣೊರೆಸಿಕೊಂಡರು. ಆಮೇಲೆ ಶಾಸಕರು ಅಸ್ಪೃಶ್ಯತೆ ನಮ್ಮ ಸಂಸ್ಕೃತಿಗೆ ಅಂಟಿದ ಕಳಂಕ ಎಂದು ಮಾತಾಡಿದರು. ಮಾತಾಡಿ ಊಟಕ್ಕೆ ಹೋದರು. ಗಣ್ಯರೆಲ್ಲ ಹಿಂದೆಯೇ ಹೋದರು. ಕಲಾವಿದರದು ಆಮೇಲೆ ಎಂದು ಅಡುಗೆಯವನು ಹೇಳಿದ. ಆಮೇಲೆ ನೋಡಿದರೆ ಅನ್ನ ತಳ ಹಿಡಿದಿತ್ತು, ಸಾರು ಮುಗಿದಿತ್ತು. ಸೇನಾಪತಿ ಎರಡು ಬಾಳೆಹಣ್ಣು ಎಗರಿಸಿ ತಂದ. ರಾಜ ಒಂದು ತಿಂದ.

ಹಾಗೆ ಖಾಲಿ ಹೊಟ್ಟೆಯಲ್ಲಿ ನಾಟಕ ಶುರುವಾಯಿತು. ಮಟಮಟ ಮಧ್ಯಾಹ್ನ. ಮುಂದಿನ ಸಾಲಿನ ಸೋಫಾಗಳು ಖಾಲಿ. ನಡುವೆ ಬಸ್ಸಿನಲ್ಲಿ ಕರೆತಂದ ಕಾಲೇಜು ಮಕ್ಕಳು. ಎಲ್ಲರ ಹಿಂದೆ, ಕಂಬ ಹಿಡಿದು, ಕೆಂಚಯ್ಯ ನಿಂತಿದ್ದ. ಪರದೆ ಎದ್ದಿತು. ಮೇಲಿಂದ ಇಳಿಬಿಟ್ಟ ಮೈಕಿನ ಕೆಳಗೆ ದುರ್ಗಯ್ಯ ಸಿಂಹಾಸನದ ಮೇಲೆ ಕೂತಿದ್ದ. ಬೆಳಗ್ಗೆಯಿಂದ ನಿಂತ ಕಾಲಿಗೆ ಸುಖವಾಯಿತು. ಹುಚ್ಚಣ್ಣ ಮೇಷ್ಟ್ರು ಪರದೆಯ ಮುಂದೆ ಕೂತು ಪೆಟ್ಟಿಗೆ ಒತ್ತಿದ. ಅವನ ಮುಖ ಮದುಮಗನದಾಗಿತ್ತು.

ದರ್ಬಾರು ರಂಗೇರುವ ಹೊತ್ತಿಗೆ ಪಟಾಕಿ ಸಿಡಿಯಿತು. ಶಾಸಕರು ಊಟ ಮುಗಿಸಿ, ವೀಳ್ಯ ಮೆಲ್ಲುತ್ತ ಬಂದರು. ಇಡೀ ಪೆಂಡಾಲು ಎದ್ದು ನಿಂತಿತು. ಲೋಕಲ್ ಯೂಟ್ಯೂಬ್ ಚಾನೆಲ್ಲಿನ ಉಜ್ವಲ್ ಕ್ಯಾಮೆರಾ ಹಿಡಿದು ಹಿಂದೆಹಿಂದೆ ನಡೆದ, ಎಲ್ಲ ನೇರಪ್ರಸಾರ. ಸಾಮಂತ ಎದ್ದ, ಸೇನಾಪತಿ ಎದ್ದ. ಶಾಸಕರು ಕೈಮುಗಿದು ನಗುತ್ತ ಮೆಟ್ಟಿಲು ಹತ್ತಿದರು.

ದುರ್ಗಯ್ಯನೂ ಎದ್ದೇ ಬಿಡುತ್ತಿದ್ದ. ಒಪ್ಪಿಕೊಂಡ ಮಾತು. ಅಂಗೈ ನಾಯಿಗಳ ತಲೆ ಮೇಲೆ ಊರಿತ್ತು. ತೊಡೆ ಹಲಗೆಯಿಂದ ಒಸಿ ಮೇಲೆದ್ದಿತ್ತು. ಅಷ್ಟರಲ್ಲಿ ವೇದಿಕೆಯ ಪಕ್ಕದ ಮರೆಯಿಂದ ಪರಮೇಶಣ್ಣ ಬಂದ. ಅವನ ಕೈಯಲ್ಲಿ ಒಂದು ಬಿಳಿ ಟರ್ಕಿ ಟವಲ್ಲು ಇತ್ತು. ಹೊಸದು. ಮಡಿಕೆ ಬಿಚ್ಚಿರಲಿಲ್ಲ. ಸಿಂಹಾಸನದ ಮೇಲೆ ಹಾಸಲು ತಂದಿದ್ದ.

ದುರ್ಗಯ್ಯ ಟವಲ್ಲನ್ನು ನೋಡಿದ. ಕವಿತೆ ಓದುವ ಮೊದಲು ಶಾಸಕರು ಕೂತಿದ್ದ ಕುರ್ಚಿಗೆ ಟವಲ್ಲು ಇರಲಿಲ್ಲ. ಮುಂದಿನ ಸಾಲಿನ ಸೋಫಾಕ್ಕೂ ಇರಲಿಲ್ಲ. ಒಗೆಯಕಾಗಲ್ಲ ಎಂದ ಸೀನರಿಯವನ ವಿನಯ ಅವನ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವನ ಮಕಮಲ್ಲಿನ ಮೇಲೆ ನಾವು ಕೂರಬಾರದು. ನಮ್ಮ ಹಲಗೆಯ ಮೇಲೆ ಇವರು ಕೂರಬಹುದು, ನಡುವೆ ಬಟ್ಟೆ ಹಾಸಿ. ಸಿಟ್ಟು ಅಂಗಾಲಿನಿಂದ ಏರಿತು. ಅವನು ಮತ್ತೆ ಕೂತ.

"ಏಳ್ಲಾ. ಅಣ್ಣಾವ್ರು ಕುಂತ್ಕಬೇಕು," ಎಂದು ಪರಮೇಶಣ್ಣ ಪಿಸುಗುಟ್ಟಿದ. ಮೈಕು ನೆತ್ತಿಯ ಮೇಲೇ ಇತ್ತು. ಪಿಸುಮಾತು ಮೈದಾನದ ಕೊನೆಗೂ ಕೇಳಿಸಿತು.

"ಟವಲ್ ಯಾಕೆ?"

"ಧೂಳು ಕಣ್ಲಾ, ಧೂಳು. ಏಳು ಬೇಗ."

"ಧೂಳಿಲ್ಲ. ನಾನೇ ಕುಂತಿವ್ನಿ."

ಕಾಲೇಜು ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಪರಮೇಶಣ್ಣನ ಬಾಯಿಂದ ಕಡ್ಡಿ ಬಿದ್ದುಹೋಯಿತು. ಆಗ ಹಿಂದಿನಿಂದ, ಕಂಬದ ಬುಡದಿಂದ, ಒಂದು ಮುದಿ ದನಿ ಬಂತು.

"ಏಳ್ಲಾ ದುರ್ಗಾ. ಎದ್ಬುಡೋ. ಬುದ್ಧಿಯೋರು ನಿಂತವ್ರೆ."

ಪರಮೇಶಣ್ಣನ ಮಾತು ಮೀರುವುದು ಒಂದು ಕಷ್ಟ. ಅಪ್ಪನ ದನಿ ಮೀರುವುದು ಬೇರೆಯೇ ಕಷ್ಟ. ಆ ದನಿಗೆ ಅವನ ಮೊಣಕಾಲು ತಾನಾಗಿ ಏಳಲು ಹೊರಟಿತು. ಚಿಕ್ಕಂದಿನಿಂದ ಆ ದನಿಗೆ ಎದ್ದ ಮೊಣಕಾಲು ಅದು. ದುರ್ಗಯ್ಯ ಎರಡೂ ಕೈಯಿಂದ ಮೊಣಕಾಲನ್ನು ಅದುಮಿ ಹಿಡಿದ. ಕಣ್ಣಲ್ಲಿ ನೀರು ಬಂದು ಬಣ್ಣದ ಜೊತೆ ಇಳಿಯಿತು. ಅಂಗಳದಲ್ಲಿ ನೆನೆದ ಪಂಚೆಯಲ್ಲಿ ನಿಂತ ಅಪ್ಪ ಅವನಿಗೆ ಕಾಣುತ್ತಿದ್ದ. ಅವನು ಏಳಲಿಲ್ಲ.

ಶಾಸಕರು ದಡ್ಡರಲ್ಲ. ದಡ್ಡರಾಗಿದ್ದರೆ ಶಾಸಕರಾಗುತ್ತಿರಲಿಲ್ಲ. ಉಜ್ವಲನ ಕ್ಯಾಮೆರಾದ ಕೆಂಪು ದೀಪ ನೋಡಿದರು. ಪರಮೇಶಣ್ಣನ ಕೈಯ ಟವಲ್ಲು ನೋಡಿದರು. ಅದನ್ನು ಕಿತ್ತು ಅತ್ತ ಎಸೆದರು. ಮೈಕಿನ ಕೆಳಗೆ ಬಂದು, "ಬಂಧುಗಳೇ, ಶ್ರಮಿಕನ ಆಸನದಲ್ಲಿ ಕೂರುವ ಯೋಗ್ಯತೆ ನನಗಿಲ್ಲ. ಅವನ ಪದತಲವೇ ನನ್ನ ಸಿಂಹಾಸನ," ಎಂದರು. ಎಂದವರೇ ಬಿಳಿ ಪಂಚೆ ಮುದುರಿಕೊಂಡು ದುರ್ಗಯ್ಯನ ಕಾಲಡಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

ಮೈದಾನ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ಶಿಳ್ಳೆ ಬಿದ್ದವು. ಹತ್ತಾರು ಮೊಬೈಲು ಮೇಲೆದ್ದವು. ತೋಂಟದಾರ್ಯರು ಈ ಸಲ ನಿಜವಾಗಿಯೂ ಅತ್ತರು. ಉಜ್ವಲ್ ಮಂಡಿಯೂರಿ ಕೂತು, ರಾಜನ ಪಾದ ಮತ್ತು ಶಾಸಕರ ಮುಖ ಒಂದೇ ಚೌಕಟ್ಟಿಗೆ ಬರುವಂತೆ ಹಿಡಿದ. ದುರ್ಗಯ್ಯನ ಒಲ್ಲೆಯನ್ನು ಇವರು ಅಲ್ಲೇ ಸುಲಿದು, ಸಿಪ್ಪೆ ಅವನಿಗೆ ಬಿಟ್ಟು, ಕಾಯಿ ತಾವು ಎತ್ತಿಕೊಂಡಿದ್ದರು.

ಫೋಟೋ ಮುಗಿದವು. ಶಾಸಕರು ಸಾಕೆನ್ನಿಸಿ, ಒಂದು ಕೈ ನೆಲಕ್ಕೂರಿ ಏಳಲು ಹೊರಟರು.

ಆಗ ದುರ್ಗಯ್ಯನ ಬಾಯಿಗೆ ಮಾತು ತಾನಾಗಿ ಬಂತು. ಮಂಡಿಯಲ್ಲಿ ಸಾವಿರ ಕಾಯಿಗಳಿಗೆ ಹೇಳಿದ್ದ ಮಾತು.

"ಯಾರ ಅಪ್ಪಣೆಯಿಂದ ಎದ್ದೆ, ಸಾಮಂತ? ಕೂಡು."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಶಾಸಕರ ನಗು ಅರ್ಧಕ್ಕೆ ನಿಂತಿತು. ಆಮೇಲೆ ಕಾಲೇಜು ಮಕ್ಕಳು ಹೋ ಎಂದು ನಕ್ಕರು. ನೇರಪ್ರಸಾರ ಓಡುತ್ತಿತ್ತು. ಪದತಲವೇ ನನ್ನ ಸಿಂಹಾಸನ ಎಂದು ಈಗತಾನೆ ಹೇಳಿದವರು ಏಳುವುದು ಹೇಗೆ? ಅವರು ಮತ್ತೆ ಕೂತರು. ಕೂತು, ನಾನೂ ಆಟದಲ್ಲಿದ್ದೇನೆ ಎಂಬಂತೆ ಜನರತ್ತ ನಕ್ಕರು.

ಪರದೆಯ ಮುಂದೆ ಹುಚ್ಚಣ್ಣ ಮೇಷ್ಟ್ರು ಒಮ್ಮೆ ದುರ್ಗಯ್ಯನನ್ನು, ಒಮ್ಮೆ ಶಾಸಕರನ್ನು ನೋಡಿದ. ಇನ್ನು ಈ ಪೇಟೆಯಲ್ಲಿ ತನ್ನ ಪೆಟ್ಟಿಗೆ ಕೇಳಿಸುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಎರಡೂ ಕೈಯಿಂದ ಜೋರಾಗಿ ಶ್ರುತಿ ಒತ್ತಿದ.

ದರ್ಬಾರು ಮುಂದುವರಿಯಿತು. ಸಮಯ ಇಲ್ಲವೆಂದು ತೋಂಟದಾರ್ಯರು ಬೆಳಗ್ಗೆ ಕತ್ತರಿಸಿದ್ದ ಹಾಡುಗಳನ್ನೆಲ್ಲ ದುರ್ಗಯ್ಯ ಹಾಡಿದ. ಎಳೆದೆಳೆದು ಹಾಡಿದ. ಸೇನಾಪತಿ ಯುದ್ಧದ ವರದಿ ಒಪ್ಪಿಸಿದ, ಕೇಳಿಸಲಿಲ್ಲ, ಮತ್ತೊಮ್ಮೆ ಒಪ್ಪಿಸು ಎಂದ ರಾಜ. ಉಂಡ ಊಟ ಶಾಸಕರ ಹೊಟ್ಟೆಯನ್ನು ಒತ್ತುತ್ತಿತ್ತು. ಒಂದು ಮಂಡಿ ಎತ್ತಿದರು. "ಕೂಡು, ಸಾಮಂತ." ಇನ್ನೊಂದು ಮಂಡಿ ಎತ್ತಿದರು. "ಕೂಡು." ಈಗ ಮಕ್ಕಳೂ ಜೊತೆಗೆ ಕೂಗುತ್ತಿದ್ದರು, "ಕೂಡು, ಸಾಮಂತ." ಶಾಸಕರ ಕುತ್ತಿಗೆಯಲ್ಲಿ ಬೆವರು ಹರಿದು ಜುಬ್ಬ ಅಂಟಿತು. ಕಾಲು ಜೋಮು ಹಿಡಿದು ಮುಖ ಕಿವುಚಿದರು. ಪಕ್ಕದ ಮರೆಯಲ್ಲಿ ನಿಂತ ಪರಮೇಶಣ್ಣ ಕೈಸನ್ನೆ ಮಾಡಿದ, ಕತ್ತು ಕೊಯ್ಯುವ ಸನ್ನೆ ಮಾಡಿದ. ದುರ್ಗಯ್ಯ ಅವನತ್ತ ನೋಡಲಿಲ್ಲ.

ಹಾಡು ಖಾಲಿಯಾದ ಮೇಲೆ, "ಅಪ್ಪಣೆ. ಏಳು," ಎಂದ. ಏಳಲು ಆಗಲಿಲ್ಲ. ಇಬ್ಬರು ಬಂದು ಕಂಕುಳಿಗೆ ಕೈಹಾಕಿ ಎಬ್ಬಿಸಿದರು.

ಸಂಜೆ ಉಜ್ವಲನ ಚಾನೆಲ್ಲಿನಲ್ಲಿ ವಿಡಿಯೋ ಮತ್ತೆ ಬಂತು. 'ದಲಿತನ ಪದತಲದಲ್ಲಿ ಕುಳಿತ ಸರಳ ಶಾಸಕ, ಕಣ್ಣೀರಿಟ್ಟ ಕಲಾವಿದ' ಎಂದು ತಲೆಬರಹ. ಚಪ್ಪಾಳೆಗೆ ವಿಡಿಯೋ ಮುಗಿಯಿತು. ನೇರಪ್ರಸಾರವನ್ನು ಅಳಿಸಿದ್ದರು. ತೋಂಟದಾರ್ಯರು ಪತ್ರಿಕೆಗೆ ಲೇಖನ ಬರೆದು, ಮಣ್ಣಿನ ಮಗನ ಮುಂದೆ ಮಂಡಿಯೂರಿದ ಕವಿಹೃದಯವನ್ನು ಕೊಂಡಾಡಿದರು. ಉಳಿದರ್ಧ ಕಾಲೇಜು ಮಕ್ಕಳ ಮೊಬೈಲಿನಲ್ಲಿ ಹರಿದಾಡಿತು. ಕ್ರಾಸಿನ ಬಸ್ಸುಗಳಲ್ಲಿ ಸೀಟು ಬಿಟ್ಟೇಳುವವರಿಗೆ ಹುಡುಗರು "ಕೂಡು, ಸಾಮಂತ" ಎನ್ನತೊಡಗಿದರು.

ದುರ್ಗಯ್ಯ ಮಂಡಿಗೆ ಹೋದಾಗ ಅವನ ಗೂಟ ರೋಡಿನ ಪಕ್ಕದ ಚರಂಡಿಯಲ್ಲಿ ಬಿದ್ದಿತ್ತು. ಪರಮೇಶಣ್ಣ ಮಾತಿಗೆ ತಪ್ಪುವವನಲ್ಲ. ಅವನಷ್ಟೇ ಅಲ್ಲ, ಕ್ರಾಸಿನ ಯಾವ ಮಂಡಿಯೂ ಕೆಲಸ ಕೊಡಲಿಲ್ಲ. ಗೂಟವನ್ನು ಹೆಗಲಿಗೆ ಹಾಕಿಕೊಂಡು ಅಮ್ಮಸಂದ್ರದ ಕಡೆಯ ತೋಟಗಳಿಗೆ ಅಲೆದ. ಸಿಕ್ಕ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ. ಕೆಂಚಯ್ಯ ಮಗನೊಡನೆ ಮಾತು ಬಿಟ್ಟ.

ಮಾತು ಬಿಟ್ಟರೂ ಮುದುಕ ಒಂದು ಕೆಲಸ ಮಾಡುತ್ತಿದ್ದ. ಟೆಂಪೋದಿಂದ ಇಳಿಸಿದ ಸಿಂಹಾಸನ ಮನೆಯ ಮುಂದೆಯೇ ಇತ್ತು. ಒಳಗೆ ಹಿಡಿಸುತ್ತಿರಲಿಲ್ಲ. ಕೆಂಚಯ್ಯ ಮೊದಮೊದಲು ಅದನ್ನು ಸುತ್ತಿ ನೋಡಿದ. ನಾಯಿಗಳ ತಲೆ ಸವರಿದ. ಆಮೇಲೆ ಅದರ ಕಾಲಬುಡದಲ್ಲಿ ಕೂತ. ಒಂದು ದಿನ ದುರ್ಗಯ್ಯ ಕೆಲಸ ಸಿಗದೆ ಬರಿಗೈಯಲ್ಲಿ ಬಂದಾಗ, ಅಪ್ಪ ಅದರ ಮೇಲೆ ಕೂತಿದ್ದ. ಮಡಿಲಲ್ಲಿ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದ.

ಆಗಲೇ ಕೇರಿಗೆ ಕಾರು ಬಂತು. ಪರಮೇಶಣ್ಣ ಇಳಿದ. ಬಾಯಲ್ಲಿ ಕಡ್ಡಿ, ಮುಖದಲ್ಲಿ ನಗು.

"ಆಗಿದ್ದು ಆಗೋಯ್ತು ಬುಡು ದುರ್ಗಯ್ಯ," ಎಂದ. ಯಾವತ್ತೂ ಬಾರದ 'ಅಯ್ಯ' ಅವನ ಬಾಯಲ್ಲಿ ಬಂದಿತ್ತು. "ಅಣ್ಣಾವ್ರ ವಿಡಿಯೋ ಬೆಂಗ್ಳೂರ್ಗಂಟ ಹೋಗೈತೆ. ದೊಡ್ಡೋರೆಲ್ಲ ಮೆಚ್ಕಂಡವ್ರೆ. ತುಮಕೂರಲ್ಲಿ ಜಿಲ್ಲಾ ಸಮಾವೇಶ ಐತೆ. ಅಲ್ಲಿ ಅದೇ ಸೀನು ಇನ್ನೊಂದ್ಸಲ ಆಗ್ಬೇಕಂತೆ. ಇದೇ ಸಿಂಹಾಸನ, ಇದೇ ಡ್ರೆಸ್ಸು. ನೀನು ಏಳಾದೇ ಬ್ಯಾಡ, ಕುಂತೇ ಇರು. ಅಣ್ಣಾವ್ರು ಕೆಳಗೆ ಕುಂತ್ಕತಾರೆ, ಫೋಟೋ ತಗಸ್ಕತಾರೆ. ಅವರು ಎದ್ದಾಗ ಮಾತ್ರ ನೀನು ಬಾಯ್ ಬುಡಬಾರ್ದು, ಅಷ್ಟೇಯ. ನಾಳೆಯಿಂದ ಮಂಡಿಗೆ ಬಾ."

ದುರ್ಗಯ್ಯ ಹೆಗಲ ಗೂಟವನ್ನು ಇಳಿಸಿದ. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಅವನು ಉತ್ತರ ಕೊಡುವ ಮೊದಲು ಪರಮೇಶಣ್ಣನ ಕಣ್ಣು ಸಿಂಹಾಸನದ ಮೇಲೆ ಬಿತ್ತು. ಅಲ್ಲಿ ಕೆಂಚಯ್ಯ ಕೂತೇ ಇದ್ದ. ಕಾರಿನ ಸದ್ದು ಅವನಿಗೆ ಕೇಳಿಸಿತ್ತು. ದನಿ ಯಾರದೆಂದು ಗೊತ್ತಾಗಿತ್ತು. ಅವರೆಕಾಯಿ ಬಿಡಿಸುವ ಕೈ ನಿಂತಿತ್ತು. ಎರಡೂ ಕೈ ಮೆಲ್ಲಗೆ ನಾಯಿಗಳ ತಲೆಗೆ ಬಂದವು. ಆ ಕೈಗಳು ಏಳುವ ಮುಂಚೆ ಹಾಗೇ ಊರುವುದು ದುರ್ಗಯ್ಯನಿಗೆ ಗೊತ್ತಿತ್ತು.

"ಏನ್ಲಾ ಕೆಂಚ," ಎಂದ ಪರಮೇಶಣ್ಣ. ನಗು ಹೋಗಿ ಹಳೆಯ ದನಿ ಬಂದಿತ್ತು. "ಕುಂತೇ ಇದೀಯಲ್ಲ. ಯಾರು ಬಂದವ್ರೆ ಅಂತ ಕಾಣಲ್ವಾ?"

ದುರ್ಗಯ್ಯ ಅಪ್ಪನ ಹೆಗಲಿಗೆ ಕೈಹಾಕಲು ಮುಂದೆ ಬಂದ. ಅದರ ಅಗತ್ಯ ಬೀಳಲಿಲ್ಲ. ಕೆಂಚಯ್ಯ ನಾಯಿಗಳ ತಲೆಯಿಂದ ಕೈ ತೆಗೆದ. ಮಡಿಲಿನಿಂದ ಒಂದು ಅವರೆಕಾಯಿ ತೆಗೆದುಕೊಂಡು ಬಿಡಿಸಿದ. ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಪರಮೇಶಣ್ಣನ ಬೂಟಿನ ಮುಂದೆ ಒಗೆದ.

"ಕಾಣ್ತದೆ ಕಣಪ್ಪ ಪರಮೇಶ," ಎಂದ. "ಕುಂತಿವ್ನಿ. ಅದೇನ್ ಹೇಳು."